ದಿನಾ ತೋಟ ಸುತ್ತುವವರಿಗೂ ಮೆಟ್ಟಿಲು ಯಾಕೆ ಭಾರ?

ಪ್ರಶ್ನೆ: ನಾವು ಮೂಡಿಗೆರೆ ಕಡೆಯವರು. ನಾಲ್ಕು ಎಕರೆ ಕಾಫಿ, ಜೊತೆಗೆ ಮೆಣಸು ಇದೆ. ನಮ್ಮನೆಯವರಿಗೆ 64, ನನಗೆ 58. ಅವರು ದಿನಾ ಬೆಳಿಗ್ಗೆ ತೋಟ ಸುತ್ತುತ್ತಾರೆ. ಆದರೂ ಈ ಮಳೆಗಾಲ ಕಳೆದ ಮೇಲೆ ಅಟ್ಟದ ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುತ್ತಾರೆ. ಸಂಜೆಯಾದರೆ ಸುಸ್ತು ಅಂತ ಕುರ್ಚಿ ಬಿಟ್ಟು ಏಳುವುದಿಲ್ಲ. ನಮ್ಮತ್ತೆಗೆ 86. ಅವರು ಈಗಲೂ ಮಣೆ ಮೇಲೆ ಕೂತು ಕಳಲೆ ಹೆಚ್ಚಿ, ಯಾರ ಕೈಯೂ ಹಿಡಿಯದೆ ಏಳುತ್ತಾರೆ. ಇದು ಅವರವರ ಹಣೆಬರಹವಾ, ಅಭ್ಯಾಸವಾ? ಮಗ ಬೆಂಗಳೂರಿನಿಂದ ಪ್ರೋಟೀನ್ ಪುಡಿ ಕಳಿಸಿದ್ದಾನೆ, ಕಾಫಿ ಬಿಡಿ ಅಂತಾನೆ. ಏನು ಮಾಡಬೇಕು?

ಉತ್ತರ: ಮಳೆಗಾಲ ಕಳೆದ ಮೇಲೆ ಹೀಗಾಯ್ತು ಅಂತ ನೀವೇ ಬರೆದಿದ್ದೀರಿ. ಉತ್ತರದ ಅರ್ಧ ಅಲ್ಲೇ ಇದೆ.

ಅಕ್ಟೋಬರ್, ನವೆಂಬರ್ ಬಂತೆಂದರೆ ಚಿಕ್ಕಮಗಳೂರಿನಲ್ಲಿ ಅರವತ್ತು ದಾಟಿದವರು ಇದೇ ದೂರು ಹಿಡಿದು ನನ್ನ ಹತ್ತಿರ ಬರುತ್ತಾರೆ. ಮೂಡಿಗೆರೆ, ಕೊಪ್ಪ, ಆಚೆ ಸಕಲೇಶಪುರದವರೂ ಇದ್ದಾರೆ. ಆರಿದ್ರಾ ಮಳೆ ಹಿಡಿಯಿತೆಂದರೆ ನಮ್ಮ ಕಡೆ ಗಂಡಸರ ಓಡಾಟ ಅರ್ಧಕ್ಕರ್ಧ ನಿಲ್ಲುತ್ತದೆ. ಹೊರಗೆ ಇಂಬಳ, ಜಾರುವ ದಾರಿ, ಬಿಡದ ಮಳೆ. ಒಳಗೆ ಟಿವಿ, ಹಂಡೆ ಒಲೆಯ ಬಿಸಿ, ಹುರಿದ ಹಲಸಿನ ಬೀಜ, ಹಪ್ಪಳ. ಹೆಂಗಸರಿಗೆ ಈ ರಜೆ ಇಲ್ಲ ಬಿಡಿ, ಒಲೆ ಬಚ್ಚಲು ಕೊಟ್ಟಿಗೆ ಎಲ್ಲ ಇದ್ದೇ ಇರುತ್ತದೆ. ಗಂಡಸರು ಮಾತ್ರ ಮೂರು ತಿಂಗಳು ಕುರ್ಚಿಯಲ್ಲಿ ಕೂತು ಕಳೆಯುತ್ತಾರೆ.

ಮೂವತ್ತು ವರ್ಷದ ಹುಡುಗ ಹಾಗೆ ಕೂತರೆ ದೊಡ್ಡ ನಷ್ಟವಿಲ್ಲ, ಮತ್ತೆ ಓಡಾಡಿದರೆ ಶಕ್ತಿ ಮರಳಿ ಬರುತ್ತದೆ. ಅರವತ್ತು ದಾಟಿದ ಮೇಲೆ ಲೆಕ್ಕ ಬೇರೆ. 2007ರಲ್ಲಿ ಅಮೆರಿಕದಲ್ಲಿ ಒಂದು ಪ್ರಯೋಗ ಮಾಡಿದರು. ಸರಾಸರಿ 67 ವರ್ಷದ, ಯಾವ ಕಾಯಿಲೆಯೂ ಇಲ್ಲದ ಜನರನ್ನು 10 ದಿನ ಹಾಸಿಗೆಯಲ್ಲೇ ಮಲಗಿಸಿದರು. ಅಷ್ಟಕ್ಕೇ ಅವರ ಕಾಲುಗಳಿಂದ ಹತ್ತಿರ ಹತ್ತಿರ ಒಂದು ಕೆಜಿ ಮಾಂಸ ಕರಗಿತ್ತು. ನಿಮ್ಮ ಯಜಮಾನರೇನೂ ಮಲಗಿರಲಿಲ್ಲ, ಊಟಕ್ಕೆ ಬಚ್ಚಲಿಗೆ ಅಂತ ಎದ್ದು ಓಡಾಡಿದ್ದಾರೆ. ಆದರೆ ಅವರು ಹಾಗಿದ್ದದ್ದು 10 ದಿನವಲ್ಲ, ಒಂದು ಇಡೀ ಮಳೆಗಾಲ. ಅದಕ್ಕೂ ಹಿಂದಿನ ಮಳೆಗಾಲಗಳೂ ಇವೆ. ಪ್ರತಿ ಸಲ ಸ್ವಲ್ಪ ಹೋಗುತ್ತದೆ, ಬೇಸಿಗೆಯಲ್ಲಿ ಪೂರ್ತಿ ಮರಳುವುದಿಲ್ಲ. ವಯಸ್ಸಾಯ್ತು ಅಂತ ನಾವು ಸುಮ್ನೆ ಹೇಳಿಬಿಡುವುದರಲ್ಲಿ ದೊಡ್ಡ ಪಾಲು ಇದೇ.

ಹಾಗಾದರೆ ದಿನಾ ತೋಟ ಸುತ್ತುತ್ತಾರಲ್ಲ, ಅದು ಲೆಕ್ಕಕ್ಕಿಲ್ವಾ ಅಂತ ಕೇಳುತ್ತೀರಿ. ಲೆಕ್ಕಕ್ಕಿದೆ. ಹೃದಯಕ್ಕೆ, ಸಕ್ಕರೆಗೆ, ಮನಸ್ಸಿಗೆ ನಡಿಗೆ ಒಳ್ಳೆಯದೇ. ಆದರೆ ತೋಟ ಸುತ್ತುವುದು ಅಂದರೆ ಏನು ಅಂತ ಸ್ವಲ್ಪ ನೋಡಿ. ಗೇಟಿನ ತನಕ ಬೈಕು ಅಥವಾ ಜೀಪು. ಆಮೇಲೆ ಜೀಪಿನ ದಾರಿಯಲ್ಲೇ ನಿಧಾನಕ್ಕೆ ಒಂದು ಸುತ್ತು. ಕೆಲಸದವರ ಹತ್ತಿರ ನಿಂತು ಮಾತು. ಚಿಗುರು ತೆಗೆಯುವುದು, ಗೊಬ್ಬರದ ಚೀಲ ಹೊರುವುದು, ಏಣಿ ಹತ್ತಿ ಮೆಣಸು ಕುಯ್ಯುವುದು ಎಲ್ಲ ಆಳುಗಳ ಕೆಲಸ. ಇದರಲ್ಲಿ ತೊಡೆಗೆ ಭಾರ ಬೀಳುವ ಕೆಲಸ ಯಾವುದಿದೆ ಹೇಳಿ?

ಮೂವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ ಸುಮಾರು 3ರಿಂದ 8 ಪರ್ಸೆಂಟಿನಷ್ಟು ಸ್ನಾಯು ಕರಗುತ್ತದೆ, ಅರವತ್ತರ ಮೇಲೆ ಇನ್ನೂ ಬೇಗ. ಸ್ನಾಯುವಿಗಿಂತ ಅದರ ಶಕ್ತಿ ಮೊದಲು ಹೋಗುತ್ತದೆ. ಸಮತಟ್ಟಾದ ದಾರಿಯ ನಿಧಾನ ನಡಿಗೆ ಇದನ್ನು ತಡೆಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆಯಲ್ಲಿ ಮೂರು ವಿಷಯ ಇವೆ. ವಾರಕ್ಕೆ 150ರಿಂದ 300 ನಿಮಿಷ ಸ್ವಲ್ಪ ಉಸಿರು ಏರುವಂಥ ನಡಿಗೆ ಅಥವಾ ಕೆಲಸ. ವಾರಕ್ಕೆ ಎರಡು ದಿನವಾದರೂ ಸ್ನಾಯುವಿಗೆ ಭಾರ ಕೊಡುವ ವ್ಯಾಯಾಮ. 65 ದಾಟಿದವರಿಗೆ ವಾರಕ್ಕೆ ಮೂರು ದಿನವಾದರೂ ಸಮತೋಲನದ ಅಭ್ಯಾಸ. ನಮ್ಮೂರಲ್ಲಿ ಡಾಕ್ಟರು ಹೇಳುವುದೂ ಜನ ಮಾಡುವುದೂ ಮೊದಲನೆಯದು ಮಾತ್ರ. ಸಂಜೆ ರತ್ನಗಿರಿ ಬೋರೆಯಲ್ಲಿ, ಹಾಸನದ ಮಹಾರಾಜ ಪಾರ್ಕಿನಲ್ಲಿ ನಡೆಯುವವರಿಗೆ ಕೊರತೆ ಇಲ್ಲ. ಅವರಲ್ಲಿ ಎಷ್ಟು ಜನ ಕೈ ಊರದೆ ಬೆಂಚಿನಿಂದ ಏಳುತ್ತಾರೆ, ಒಮ್ಮೆ ನೋಡಿ.

ಇದನ್ನು ಮನೆಯಲ್ಲೇ ಅಳೆಯಬಹುದು. ಕೈ ಇಲ್ಲದ ಗಟ್ಟಿ ಕುರ್ಚಿ ತನ್ನಿ, ಸೀಟು ನೆಲದಿಂದ 17 ಇಂಚು ಎತ್ತರ ಇರಲಿ. ಜಾರದ ಹಾಗೆ ಗೋಡೆಗೆ ತಾಗಿಸಿಡಿ. ಎರಡೂ ಕೈ ಎದೆ ಮೇಲೆ ಅಡ್ಡ ಕಟ್ಟಿಕೊಂಡು ಅವರು ಪೂರ್ತಿ ಎದ್ದು ನಿಲ್ಲಬೇಕು, ಮತ್ತೆ ಕೂರಬೇಕು. 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದರು ಅಂತ ನೀವು ಎಣಿಸಿ. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಪಟ್ಟಿ ಪ್ರಕಾರ 60ರಿಂದ 64ರ ಗಂಡಸಿಗೆ 14ಕ್ಕಿಂತ ಕಡಿಮೆ, ಅದೇ ವಯಸ್ಸಿನ ಹೆಂಗಸಿಗೆ 12ಕ್ಕಿಂತ ಕಡಿಮೆ ಆದರೆ ಬೀಳುವ ಭಯ ಜಾಸ್ತಿ. ಅದು ಅಲ್ಲಿಯವರ ಲೆಕ್ಕ, ನಮಗೆ ಒಂದೆರಡು ಆಚೀಚೆ ಆಗಬಹುದು.

ಎಣಿಕೆಗಿಂತ ಹೆಚ್ಚಾಗಿ ನಾನು ನೋಡುವುದು ಅವರು ಏಳುವ ರೀತಿ. ಮೊದಲ ಮೂರ್ನಾಲ್ಕು ಸಲ ಚೆನ್ನಾಗಿ ಏಳುತ್ತಾರೆ. ಐದನೆಯದಕ್ಕೆ ಕೈ ಮೆಲ್ಲಗೆ ಎದೆಯಿಂದ ಇಳಿದು ತೊಡೆ ಮೇಲೆ ಬರುತ್ತದೆ. ಇನ್ನೆರಡಕ್ಕೆ ಮೈಯನ್ನು ಮುಂದಕ್ಕೆ ಬೀಸಿ ಆ ಜೋರಿನಲ್ಲಿ ಏಳುತ್ತಾರೆ. ಕೂರುವಾಗ ಕೊನೆಯ ಅರ್ಧ ಅಡಿ ಧೊಪ್ಪನೆ ಬೀಳುತ್ತಾರೆ. ಆ ಬೀಳುವುದನ್ನು ನೋಡಿಕೊಳ್ಳಿ. ತೊಡೆಗೆ ದೇಹವನ್ನು ನಿಧಾನವಾಗಿ ಇಳಿಸುವ ತಾಕತ್ತು ಇಲ್ಲ ಅಂತ ಅದರ ಅರ್ಥ. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುವುದೂ ಅದಕ್ಕೇ.

ಮದ್ದೂ ಇದೇ ಕುರ್ಚಿಯಲ್ಲಿದೆ. ವಾರಕ್ಕೆ ಮೂರು ದಿನ, ದಿನ ಬಿಟ್ಟು ದಿನ. ಎಂಟು ಸಲ ಎದ್ದು ಕೂರಲಿ, ಎರಡು ನಿಮಿಷ ಸುಧಾರಿಸಿಕೊಳ್ಳಲಿ, ಮತ್ತೆ ಎಂಟು. ಕೂರುವಾಗ ಮನಸ್ಸಿನಲ್ಲೇ ಮೂರು ಎಣಿಸುತ್ತಾ ನಿಧಾನಕ್ಕೆ ಇಳಿಯಬೇಕು, ಗುಟ್ಟು ಇರುವುದು ಇಳಿಯುವುದರಲ್ಲಿ. ಮೊದಲು ಕೈ ಊರಬೇಕಾದರೆ ಊರಲಿ, ಅಥವಾ ಸೀಟಿನ ಮೇಲೆ ದಪ್ಪ ದಿಂಬು ಹಾಕಿ ಎತ್ತರ ಮಾಡಿ. ಸುಲಭ ಅನ್ನಿಸಿದ ಮೇಲೆ ಎರಡು ಕೆಜಿ ಅಕ್ಕಿ ಚೀಲ ಎದೆಗೆ ಅವುಚಿಕೊಂಡು ಮಾಡಲಿ. ಹೀಗೆ ಭಾರ ಏರಿಸುತ್ತಾ ಹೋಗಬೇಕು. ಜನ ಬಿಡುವುದು ಇಲ್ಲೇ. ಆರು ತಿಂಗಳು ಅದೇ ಎಂಟು ಸಲ, ಅದೇ ಖಾಲಿ ಕೈ, ಆಮೇಲೆ ಏನೂ ಪ್ರಯೋಜನ ಆಗಲಿಲ್ಲ ಅಂತ ದೂರು. ಸ್ನಾಯುವಿಗೆ ಕಷ್ಟ ಅನ್ನಿಸದಿದ್ದರೆ ಅದು ಬೆಳೆಯುವುದಿಲ್ಲ. ಜೊತೆಗೆ ಜಗಲಿ ಮೆಟ್ಟಿಲನ್ನು ಹತ್ತಿ ಇಳಿಯುವುದು, ಗೋಡೆಗೆ ಎರಡೂ ಅಂಗೈ ಊರಿ ಮೈ ತಳ್ಳುವುದು, ಬೆರಳ ತುದಿ ಮೇಲೆ ಏಳುವುದು. ಹಲ್ಲುಜ್ಜುವಾಗ ಒಂದು ಕೈಯಲ್ಲಿ ಕಟ್ಟೆ ಹಿಡಿದು ಒಂಟಿ ಕಾಲಲ್ಲಿ ನಿಲ್ಲಲಿ. ಉಸಿರು ಮಾತ್ರ ಬಿಗಿ ಹಿಡಿಯಬಾರದು, ಬಿಪಿ ಇರುವವರಿಗೆ ಅದು ಒಳ್ಳೆಯದಲ್ಲ. ಜೋರಾಗಿ ಎಣಿಸಿದರೆ ಉಸಿರು ತಾನೇ ಬಿಡುತ್ತದೆ. ಇದೆಲ್ಲ ಹಜಾರದೊಳಗೇ ಆಗುವ ಕೆಲಸ, ಮಳೆಗೂ ಇದಕ್ಕೂ ಸಂಬಂಧವಿಲ್ಲ.

ಈ ವಯಸ್ಸಿನಲ್ಲಿ ಇದೆಲ್ಲ ಆಗುತ್ತಾ ಅಂತ ಅವರು ಕೇಳಿಯೇ ಕೇಳುತ್ತಾರೆ. 1990ರಲ್ಲಿ ಬಾಸ್ಟನ್ನಿನ ಒಂದು ವೃದ್ಧಾಶ್ರಮದಲ್ಲಿ 90ರ ಆಸುಪಾಸಿನ, ತೀರಾ ಸೊರಗಿದ 10 ಜನರಿಗೆ 8 ವಾರ ತೊಡೆಗೆ ಭಾರದ ವ್ಯಾಯಾಮ ಮಾಡಿಸಿದರು. ಮುಗಿಸಿದವರ ಕಾಲಿನ ಶಕ್ತಿ ಸರಾಸರಿ 174 ಪರ್ಸೆಂಟ್ ಏರಿತು. ನಿಮ್ಮ ಯಜಮಾನರಿಗೆ ಇನ್ನೂ 64.

ಮೊಣಕಾಲು ಸವೆದಿದೆ, ಕೂತೇಳಬಾರದು ಅಂತ ಯಾರಾದರೂ ಹೇಳಿದ್ದರೆ ಒಂದು ಮಾತು. ಸವೆದ ಮೊಣಕಾಲಿಗೆ ತೊಡೆಯ ಸ್ನಾಯುವೇ ಆಸರೆ. ಮಾಡುವಾಗ ಸ್ವಲ್ಪ ನೋವು ಬಂದು ಮರುದಿನಕ್ಕೆ ಇಳಿದರೆ ಪರವಾಗಿಲ್ಲ. ಮರುದಿನವೂ ಊತ, ನೋವು ಉಳಿದರೆ ಅರ್ಧಕ್ಕೆ ಇಳಿಸಿ. ಮೆಡಿಕಲ್ ಶಾಪಿನಲ್ಲಿ ಕೇಳಿ ನೋವಿನ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗುವುದು ಮಾತ್ರ ಬೇಡ. ಹೊಟ್ಟೆ, ಕಿಡ್ನಿ ಎರಡಕ್ಕೂ ಪೆಟ್ಟು.

ಈಗ ಮಗ ಕಳಿಸಿದ ಡಬ್ಬದ ವಿಷಯ. ಹುಡುಗನ ಯೋಚನೆ ತಪ್ಪಲ್ಲ. ನಮ್ಮ ಊಟದಲ್ಲಿ ಪ್ರೋಟೀನ್ ಕಡಿಮೆಯೇ. ಬೆಳಿಗ್ಗೆ ಮೂರು ಅಕ್ಕಿ ರೊಟ್ಟಿ, ಕಾಯಿ ಚಟ್ನಿ, ಒಂದು ಲೋಟ ಕಾಫಿ ಅಂದರೆ ಹೆಚ್ಚೆಂದರೆ 13 ಗ್ರಾಂ. ಮಧ್ಯಾಹ್ನ ಅನ್ನ, ತಿಳಿಸಾರು, ಒಂದು ಪಲ್ಯ, ಮಜ್ಜಿಗೆ ಸೇರಿ 18, 20. ರಾತ್ರಿ ಉಳಿದ ಸಾರಿಗೆ ಕಡುಬೋ ಅನ್ನವೋ. ದಿನಕ್ಕೆ 50 ಗ್ರಾಂ ಮುಟ್ಟುವುದು ಕಷ್ಟ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಲೆಕ್ಕದಲ್ಲಿ ವಯಸ್ಕರಿಗೆ ಒಂದು ಕೆಜಿ ತೂಕಕ್ಕೆ 0.83 ಗ್ರಾಂ ಬೇಕು. ವಯಸ್ಸಾದವರಿಗೆ 1ರಿಂದ 1.2 ಗ್ರಾಂ ಇರಲಿ ಅಂತ ವೃದ್ಧಾಪ್ಯದ ತಜ್ಞರು ಹೇಳುತ್ತಾರೆ. ಯಜಮಾನರ ತೂಕ 65 ಕೆಜಿ ಅಂದುಕೊಂಡರೆ 65ರಿಂದ 78 ಗ್ರಾಂ ಆಯ್ತು.

ಕೊರತೆ ಇರುವುದು 20 ಗ್ರಾಮಿನ ಆಸುಪಾಸು. ಅದಕ್ಕೆ ಬೆಂಗಳೂರಿನಿಂದ ಡಬ್ಬ ಬರಬೇಕಿಲ್ಲ. ಎರಡು ಮೊಟ್ಟೆಗೆ 12 ಗ್ರಾಂ. ಒಂದು ಮುಷ್ಟಿ ಕಡ್ಲೆಕಾಯಿ ಬೀಜಕ್ಕೆ 7. ಹುರುಳಿ 100 ಗ್ರಾಮಿಗೆ ಸುಮಾರು 22 ಗ್ರಾಂ. ಆದರೆ ನಾವು ಕಟ್ಟು ಬಸಿದು ಸಾರು ಮಾಡಿ, ಕಾಳನ್ನು ಎಮ್ಮೆಗೆ ಹಾಕುತ್ತೇವೆ! ಎಮ್ಮೆ ಗಟ್ಟಿಯಾಗಿದೆ, ಯಜಮಾನರು ಸೊರಗಿದ್ದಾರೆ. ಆ ಕಾಳನ್ನು ಒಗ್ಗರಣೆ ಹಾಕಿ ತಟ್ಟೆಗೆ ಬಡಿಸಿ. ಅವರೆಕಾಳಿನ ಕಾಲದಲ್ಲಿ ಚಿಂತೆಯೇ ಇಲ್ಲ. ಬೆಳಗಿನ ತಿಂಡಿಗೇ ಮೊಟ್ಟೆಯೋ ಕಾಳೋ ಮೊಸರೋ ಸೇರಿಸಿ, ಎಲ್ಲ ಮಧ್ಯಾಹ್ನಕ್ಕೇ ಬೇಡ. ಮೀನು, ಕೋಳಿ ತಿನ್ನುವ ಮನೆಯಾದರೆ ಇನ್ನೂ ಸುಲಭ, ಭಾನುವಾರಕ್ಕೆ ಮಾತ್ರ ಅಂತ ಇಟ್ಟುಕೊಳ್ಳಬೇಡಿ. ಡಬ್ಬದ ಹಿಂದೆ 100 ಗ್ರಾಮಿಗೆ ಪ್ರೋಟೀನ್ ಎಷ್ಟು, ಸಕ್ಕರೆ ಎಷ್ಟು ಅಂತ ಓದಿ. ಹಿರಿಯರಿಗೆ ಅಂತಲೇ ಮಾರುವ ಕೆಲವು ಪುಡಿಗಳಲ್ಲಿ ಪ್ರೋಟೀನಿಗಿಂತ ಸಕ್ಕರೆ, ಪಿಷ್ಟವೇ ಜಾಸ್ತಿ. ಚೆನ್ನಾಗಿದ್ದರೆ ಮುಗಿಯುವ ತನಕ ಕುಡಿಯಲಿ. ಆದರೆ ವ್ಯಾಯಾಮ ಮಾಡದೆ ಪುಡಿ ಕುಡಿದರೆ ತೊಡೆಗೆ ಹೆಚ್ಚೇನೂ ಸಿಗುವುದಿಲ್ಲ. ಕಿಡ್ನಿ ತೊಂದರೆ ಇದ್ದವರು ಪುಡಿಯಾಗಲಿ, ಹೆಚ್ಚಿನ ಕಾಳಾಗಲಿ, ಡಾಕ್ಟರನ್ನು ಕೇಳದೆ ಶುರು ಮಾಡಬಾರದು. ಮೊದಲು ಕ್ರಿಯಾಟಿನಿನ್ ಅಂತ ಕಿಡ್ನಿಯ ರಕ್ತ ಪರೀಕ್ಷೆ ಮಾಡಿಸಿ.

ನಿಮ್ಮ ಅತ್ತೆಯವರ ಗುಟ್ಟು ಈಗ ನಿಮಗೇ ಹೊಳೆದಿರಬೇಕು. ಕೆಳಗೆ ಕೂತು ಕಳಲೆ ಹೆಚ್ಚುವುದು, ಏಳುವುದು, ಒಲೆ ಮುಂದೆ ಕುಕ್ಕರುಗಾಲಲ್ಲಿ ಕೂರುವುದು, ಕೊಡ ಎತ್ತುವುದು. ಅರವತ್ತೆಪ್ಪತ್ತು ವರ್ಷ ಅವರು ಬೇರೆ ಹೆಸರಿನಲ್ಲಿ ಮಾಡಿದ್ದು ಈ ಕುರ್ಚಿ ವ್ಯಾಯಾಮವನ್ನೇ, ಅದೂ ಇನ್ನೂ ಕಷ್ಟದ್ದು. ದಯವಿಟ್ಟು ಅವರಿಗೆ ಪಾಪ ಅಂತ ಎತ್ತರದ ಕುರ್ಚಿ ಕೊಟ್ಟು ಕೂರಿಸಬೇಡಿ. ಕಳಲೆ ಹೆಚ್ಚಲಿ.

ಆದರೆ ಹಿಂದಿನವರೆಲ್ಲ ಹೀಗೇ ಗಟ್ಟಿ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಅತ್ತೆಯವರು ಹುಟ್ಟಿದ ಕಾಲಕ್ಕೆ ನಮ್ಮ ದೇಶದಲ್ಲಿ ಸರಾಸರಿ ಆಯಸ್ಸು 32 ವರ್ಷದ ಆಸುಪಾಸಿನಲ್ಲಿತ್ತು. ಹೆರಿಗೆಯಲ್ಲಿ, ಮಲೇರಿಯಾದಲ್ಲಿ, ಕ್ಷಯದಲ್ಲಿ ಹೋದ ಅವರ ಓರಗೆಯವರು ಇವತ್ತು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಉಳಿದ ಒಬ್ಬರನ್ನು ನೋಡಿ ಲೆಕ್ಕ ಹಾಕಬಾರದು. ಹಣೆಬರಹ ಅಂದಿರಲ್ಲ, ಅದಕ್ಕೂ ಜಾಗ ಇದೆ. ಡೆನ್ಮಾರ್ಕಿನ ಅವಳಿಗಳ ಮೇಲೆ 1996ರಲ್ಲಿ ಬಂದ ಅಧ್ಯಯನ, ಒಬ್ಬೊಬ್ಬರ ಆಯಸ್ಸಿನ ವ್ಯತ್ಯಾಸದಲ್ಲಿ ಸುಮಾರು ಕಾಲು ಭಾಗಕ್ಕೆ ಹುಟ್ಟಿನ ಗುಣ ಕಾರಣ ಅಂದಿತು. ಅದಕ್ಕಿಂತ ಜಾಸ್ತಿ ಅಂತ ವಾದಿಸುವವರೂ ಇದ್ದಾರೆ. ಎಷ್ಟೇ ಇರಲಿ, ನಿಮ್ಮ ಯಜಮಾನರು ಅದೇ ತಾಯಿಯ ಮಗ. ಅವರ ಸುಸ್ತಿಗೆ ವಂಶವನ್ನು ದೂರುವ ಹಾಗಿಲ್ಲ.

ಕಾಫಿ ಬಿಡಬೇಕಾ? ಬಾಬಾಬುಡನ್‌ಗಿರಿ ಕಾಣುವ ಊರಲ್ಲಿ ಕೂತು ಬಿಡಿ ಅಂತ ಬರೆಯುವ ಧೈರ್ಯ ನನಗಿಲ್ಲ, ಅದಕ್ಕೆ ಕಾರಣವೂ ಇಲ್ಲ. ದಿನಕ್ಕೆ ಮೂರ್ನಾಲ್ಕು ಕಪ್ ಕುಡಿಯುವವರಲ್ಲಿ ಹೃದ್ರೋಗ, ಸಾವು ಕಡಿಮೆ ಕಂಡಿದೆ ಅಂತ 2017ರಲ್ಲಿ ಬಂದ ದೊಡ್ಡ ವಿಮರ್ಶೆ ಹೇಳುತ್ತದೆ. ಹಾಗಂತ ಕಾಫಿಯನ್ನು ಔಷಧಿ ಮಾಡಿಕೊಳ್ಳಬೇಡಿ, ಕುಡಿಯದವರು ಇದಕ್ಕಾಗಿ ಶುರು ಮಾಡುವುದೂ ಬೇಡ. ತಕರಾರು ಇರುವುದು ಅದರೊಳಗಿನ ಸಕ್ಕರೆಗೆ ಮತ್ತು ಕುಡಿಯುವ ಹೊತ್ತಿಗೆ. ಐದು ಲೋಟ, ಲೋಟಕ್ಕೆ ಎರಡು ಚಮಚ ಅಂದರೆ ಕಾಫಿಯಲ್ಲೇ 40 ಗ್ರಾಮಿಗೂ ಹೆಚ್ಚು ಸಕ್ಕರೆ. 25 ಗ್ರಾಂ ಒಳಗಿದ್ದರೆ ಒಳ್ಳೆಯದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬೆಲ್ಲ ಹಾಕಿದರೂ ಲೆಕ್ಕ ಅದೇ, ಅಲ್ವಾ. ಇನ್ನು, ಸಂಜೆ ಆರಕ್ಕೆ ಕುಡಿದ ಕಾಫಿಯ ಕೆಫೀನ್ ಅರ್ಧ ಇಳಿಯಲು ಸುಮಾರು ಐದು ಗಂಟೆ ಬೇಕು. ರಾತ್ರಿ ಹನ್ನೊಂದಕ್ಕೂ ಅರ್ಧ ಮೈಯಲ್ಲೇ ಇರುತ್ತದೆ. ನಿದ್ದೆ ತೆಳು, ಮರುದಿನ ಸುಸ್ತು, ಸುಸ್ತಿಗೆ ಮತ್ತೊಂದು ಕಾಫಿ. ಕೊನೆಯ ಲೋಟ ಮಧ್ಯಾಹ್ನ ಮೂರಕ್ಕೆ ಮುಗಿಯಲಿ. ನೀವು ಥೈರಾಯ್ಡ್ ಮಾತ್ರೆ ತಗೊಳ್ಳುವವರಾದರೆ ಅದನ್ನು ಬರೀ ನೀರಿನಲ್ಲಿ ನುಂಗಿ, ಒಂದು ಗಂಟೆ ಬಿಟ್ಟು ಕಾಫಿ ಕುಡಿಯಿರಿ. ಕಾಫಿ ಜೊತೆಗೆ ನುಂಗಿದರೆ ಮಾತ್ರೆ ಸರಿಯಾಗಿ ಮೈಗೆ ಹತ್ತುವುದಿಲ್ಲ.

ನೀವು ಬರೆಯಲಿಲ್ಲ, ಆದರೂ ಕೇಳಿಬಿಡುತ್ತೇನೆ. ಎಲೆಅಡಿಕೆ, ಹೊಗೆಸೊಪ್ಪು ಇದೆಯಾ? ಮಳೆಗೆ ಅಂತ ರಾತ್ರಿ ಒಂದೆರಡು ಪೆಗ್ ಇದೆಯಾ? ಅಡಿಕೆ ಬೆಳೆಯುವ ಜಿಲ್ಲೆಯಲ್ಲಿ ಈ ಮಾತು ಯಾರಿಗೂ ಇಷ್ಟವಾಗುವುದಿಲ್ಲ. ಆದರೆ ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆ ಅಡಿಕೆಯನ್ನು, ಹೊಗೆಸೊಪ್ಪು ಇಲ್ಲದೆಯೂ, ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲೇ ಇಟ್ಟಿದೆ. ಬಾಯಿ ಪೂರ್ತಿ ತೆರೆಯಲು ಆಗದಿದ್ದರೆ, ಮೂರು ವಾರ ಕಳೆದರೂ ಮಾಯದ ಹುಣ್ಣಿದ್ದರೆ ತಡಮಾಡಬೇಡಿ. ಪೆಗ್ಗಿನಿಂದ ನಿದ್ದೆ ಬರುತ್ತದೆ ಅನ್ನುವುದು ಅರ್ಧ ಸತ್ಯ. ಬೇಗ ಮಲಗುತ್ತಾರೆ, ಎರಡು ಗಂಟೆಗೆ ಎಚ್ಚರವಾಗುತ್ತದೆ.

ಉಪ್ಪು ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ಒಂದು ಸಣ್ಣ ಚಮಚ ಮಾತ್ರ. ಮಿಡಿ ಉಪ್ಪಿನಕಾಯಿ, ಹಪ್ಪಳ, ಒಣಮೀನು ಮೂರೂ ಒಂದೇ ತಟ್ಟೆಯಲ್ಲಿ ಬಂದರೆ ಅಲ್ಲಿಗೇ ದಾಟುತ್ತದೆ.

ಬೀಳುವ ವಿಷಯಕ್ಕೆ ಬಂದರೆ, ಅಂಗಳದ ಪಾಚಿಯನ್ನು ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿಸಿ. ಬಚ್ಚಲಿನಲ್ಲಿ, ಅಟ್ಟದ ಮೆಟ್ಟಿಲ ಪಕ್ಕದಲ್ಲಿ ಗಟ್ಟಿಯಾದ ಹಿಡಿಕೆ ಹಾಕಿಸಿ. ರಾತ್ರಿ ಎದ್ದು ಹೋಗುವ ದಾರಿಯಲ್ಲಿ ಸಣ್ಣ ಬಲ್ಬ್ ಉರಿಯಲಿ. ಎಂಬತ್ತಾರರ ಅತ್ತೆಯವರಿಗೆ ಸೊಂಟದ ಮೂಳೆ ಮುರಿಯಿತೆಂದರೆ ಅವರ ಇಷ್ಟು ವರ್ಷದ ಗಟ್ಟಿತನವೆಲ್ಲ ಹಾಸಿಗೆಯಲ್ಲೇ ಕರಗಿಬಿಡುತ್ತದೆ.

ಯಜಮಾನರು ಟಿವಿ ಸೌಂಡು ಜಾಸ್ತಿ ಇಡುತ್ತಾರಾ? ಮದುವೆ ಮನೆಯಲ್ಲಿ ಮಾತಿಗೆ ಸೇರದೆ ಮೂಲೆ ಹಿಡಿದು ಕೂರುತ್ತಾರಾ? ಕಿವಿ ಪರೀಕ್ಷೆ ಮಾಡಿಸಿ. ಮರೆವಿನ ಕಾಯಿಲೆಗೆ ದಾರಿ ಮಾಡುವ, ಆದರೆ ನಾವು ಸರಿಪಡಿಸಬಹುದಾದ 14 ಕಾರಣಗಳನ್ನು 2024ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯ ಆಯೋಗ ಪಟ್ಟಿ ಮಾಡಿದೆ. ಕಿವಿ ಮಂದವಾಗುವುದು, ಕಣ್ಣು ಮಂಜಾಗುವುದು, ಒಂಟಿಯಾಗಿ ಉಳಿಯುವುದು ಮೂರೂ ಅದರಲ್ಲಿವೆ. ಕೇಳದ ಮನುಷ್ಯ ಮೊದಲು ಮಾತು ಬಿಡುತ್ತಾನೆ, ಆಮೇಲೆ ಸಂತೆ, ಸಂಘ, ನೆಂಟರ ಮನೆ ಎಲ್ಲ ಬಿಡುತ್ತಾನೆ. ಮಕ್ಕಳೆಲ್ಲ ಬೆಂಗಳೂರು ಸೇರಿದ ನಮ್ಮ ತೋಟದ ಮನೆಗಳಲ್ಲಿ ಇದು ಬೇಗ ಯಾರ ಕಣ್ಣಿಗೂ ಬೀಳುವುದಿಲ್ಲ.

ಇಷ್ಟು ಹೇಳಿದ ಮೇಲೂ, ಅವರ ಸುಸ್ತನ್ನು ಪೂರ್ತಿ ಕುರ್ಚಿಯ ಮೇಲೆ ಹಾಕಿ ಕೂರಬೇಡಿ. ವ್ಯಾಯಾಮ ಶುರು ಮಾಡುವ ಮೊದಲು ಒಮ್ಮೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ಬಿಪಿಯನ್ನು ಕೂತಾಗ ಒಮ್ಮೆ, ಎದ್ದು ನಿಂತ ಮೇಲೆ ಒಮ್ಮೆ ನೋಡಲು ಹೇಳಿ. ಸಕ್ಕರೆ, ಹಿಮೋಗ್ಲೋಬಿನ್, ಥೈರಾಯ್ಡ್, ಕ್ರಿಯಾಟಿನಿನ್ ನೋಡಿಸಿ. ಸಸ್ಯಾಹಾರಿಯಾಗಿದ್ದರೆ, ಅಥವಾ ಸಕ್ಕರೆಗೆ ಮೆಟ್‌ಫಾರ್ಮಿನ್, ಗ್ಯಾಸಿಗೆ ಮಾತ್ರೆ ಅಂತ ವರ್ಷಗಟ್ಟಲೆ ತಗೊಂಡಿದ್ದರೆ ವಿಟಮಿನ್ ಬಿ12 ಕೂಡ. ಮೆಟ್ಟಿಲು ಹತ್ತುವಾಗ ಎದೆ ಬಿಗಿಯುವುದು, ಮೊದಲಿಲ್ಲದ ಏದುಸಿರು, ಕಾರಣವಿಲ್ಲದೆ ತೂಕ ಇಳಿಯುವುದು, ಒಂದೇ ಕಡೆಯ ಕೈಕಾಲು ಸೋಲುವುದು, ಇವುಗಳಲ್ಲಿ ಯಾವುದಿದ್ದರೂ ಕುರ್ಚಿ ಪಕ್ಕಕ್ಕಿಟ್ಟು ಅವತ್ತೇ ಡಾಕ್ಟರಿಗೆ ತೋರಿಸಿ. ಹೋಗುವಾಗ ಅವರು ನುಂಗುವ ಎಲ್ಲ ಮಾತ್ರೆಗಳನ್ನೂ, ಲೇಹ್ಯ ಇದ್ದರೆ ಅದನ್ನೂ, ಮಗ ಕಳಿಸಿದ ಡಬ್ಬವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ.